ಹಾರ್ಡ್ ಡಿಸ್ಕಿಗೂ ಬೇಕು ಜೀರ್ಣೋದ್ಧಾರ

ನಮ್ಮ ಅರಸೀಕೆರೆ ಸೀಮೆಯ ಜನರಿಗೆ ಅಟ್ಟದ ಮೇಲೆ ಅಪಾರವಾದ ನಂಬಿಕೆ. ತೋಟದಿಂದ ಬಂದ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಆರುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. ಸುಮ್ಮನೆ ಇಟ್ಟದ್ದಕ್ಕೇ ಬೆಲೆ ಹೆಚ್ಚುವ ಪದಾರ್ಥವಿದು! ಇಂಥ ಊರಿನಲ್ಲಿ ಬೆಳೆದವರಿಗೆ "ಮುಟ್ಟದೆ ಇಟ್ಟದ್ದು ಕೆಡುವುದಿಲ್ಲ" ಎಂಬ ಭಾವನೆ ರಕ್ತಗತವಾಗಿದ್ದರೆ ಆಶ್ಚರ್ಯವಿಲ್ಲ.

ಈ ನಂಬಿಕೆಯನ್ನು ನಾವು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಅನ್ವಯಿಸಿದ್ದೇವೆ ಎಂಬುದೇ ಈ ಲೇಖನದ ವಿಷಯ. ಇತ್ತೀಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ನನಗೆ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಒಂದೇ. "ಸಾರ್, ಈ ಡಿಸ್ಕನ್ನು ಯಾರೂ ಬೀಳಿಸಿಲ್ಲ, ನೀರು ತಾಗಿಸಿಲ್ಲ, ಮಕ್ಕಳ ಕೈಗೂ ಕೊಟ್ಟಿಲ್ಲ. ಹತ್ತು ವರ್ಷದಿಂದ ಬೀರುವಿನಲ್ಲಿ ಭದ್ರವಾಗಿತ್ತು. ಈಗ ಜೋಡಿಸಿದರೆ ಟಿಕ್ ಟಿಕ್ ಎನ್ನುತ್ತದೆ, ತೆರೆಯುವುದಿಲ್ಲ. ಇಷ್ಟು ಜೋಪಾನ ಮಾಡಿಯೂ ಹೀಗೇಕೆ?"

ನಮ್ಮ ಬಂಧುಗಳ ಮನೆಯೊಂದರ ಉದಾಹರಣೆ ಹೇಳುತ್ತೇನೆ. 2007ರ ಸುಮಾರಿಗೆ ಆ ಮನೆಯ ಹುಡುಗನೊಬ್ಬ ತನ್ನ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಅವರಿಗೆ ಬರುತ್ತಿದ್ದ ಸೋಬಾನೆ ಪದಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಧ್ವನಿಮುದ್ರಿಸಿಕೊಂಡಿದ್ದ. ಅಜ್ಜಿ ಅಕ್ಷರ ಬಲ್ಲವರಲ್ಲ; ಪದಗಳು ಅವರ ಬಾಯಲ್ಲಿ ಮಾತ್ರ ಇದ್ದವು. ಹೊಸ ಲ್ಯಾಪ್‌ಟಾಪ್ ಬಂದಾಗ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ, ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಒಡವೆ ಇಡುವ ಕಪಾಟಿನಲ್ಲೇ ಇಟ್ಟರು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಮೊಮ್ಮಗಳ ಮದುವೆಗೆ ಆ ಪದಗಳನ್ನು ಕೇಳಿಸಬೇಕೆಂದು ಹೊರತೆಗೆದಾಗ ಡಿಸ್ಕು ತಿರುಗಲೇ ಇಲ್ಲ. ಒಡವೆ ಹೋಗಿದ್ದರೆ ಮತ್ತೆ ಮಾಡಿಸಬಹುದಿತ್ತು. ಹೋದದ್ದು ಅಜ್ಜಿಯ ದನಿ.

ಆ ಮನೆಯವರು ಉದಾಸೀನದಿಂದ ಕಳೆದುಕೊಂಡವರಲ್ಲ; ಅತ್ಯಂತ ಜೋಪಾನ ಮಾಡಿ ಕಳೆದುಕೊಂಡವರು. ಆದುದರಿಂದ ತಪ್ಪಿರುವುದು ಜೋಪಾನದ ಪ್ರಮಾಣದಲ್ಲಲ್ಲ, ಜೋಪಾನವೆಂದರೇನು ಎಂಬ ನಮ್ಮ ತಿಳಿವಳಿಕೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸುವ ಮೊದಲು, ಹಳೆಯ ಅಭ್ಯಾಸಬಲದಿಂದ ಸ್ವಲ್ಪ ವಿಜ್ಞಾನದ ಪಾಠ ಮಾಡುತ್ತೇನೆ. ಕೊನೆಯ ಬೆಂಚಿನವರೂ ದಯವಿಟ್ಟು ಗಮನಿಸಿ!

ಒಂಬತ್ತನೆಯ ತರಗತಿಯಲ್ಲಿ ದಂಡಕಾಂತಗಳನ್ನು ಪೆಟ್ಟಿಗೆಯಲ್ಲಿ ಇಡುವ ಕ್ರಮವನ್ನು ತೋರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಎರಡು ಕಾಂತಗಳನ್ನು ಉತ್ತರಕ್ಕೆ ದಕ್ಷಿಣ ಬರುವಂತೆ ಅಕ್ಕಪಕ್ಕ ಮಲಗಿಸಿ, ಎರಡೂ ತುದಿಗೆ ಮೆದು ಕಬ್ಬಿಣದ ತುಂಡು ಇಡಬೇಕು. ಇಲ್ಲವಾದರೆ ಕಾಂತಗಳು ತಮ್ಮಷ್ಟಕ್ಕೆ ತಾವೇ ದುರ್ಬಲವಾಗುತ್ತವೆ. ಹಾರ್ಡ್ ಡಿಸ್ಕು ಸಹ ಕಾಂತತ್ವದಿಂದಲೇ ಬರೆಯುವ ಸಾಧನ. ಅದರೊಳಗೆ ಅಲ್ಯೂಮಿನಿಯಂ ಅಥವಾ ಗಾಜಿನ ನುಣುಪಾದ ತಟ್ಟೆಗಳಿರುತ್ತವೆ. ತಟ್ಟೆಯ ಮೇಲೆ ಕೋಬಾಲ್ಟ್ ಮಿಶ್ರಲೋಹದ ಅತಿ ತೆಳುವಾದ ಲೇಪ. ಆ ಲೇಪದ ಸೂಕ್ಷ್ಮ ಕಣಗಳು ಯಾವ ದಿಕ್ಕಿಗೆ ಕಾಂತೀಕರಣಗೊಂಡಿವೆ ಎಂಬುದೇ ನಮ್ಮ ಚಿತ್ರ, ಹಾಡು, ಬರಹ ಎಲ್ಲವೂ. ಹೀಗಿರುವಾಗ ಹಳೆಯ ಡಿಸ್ಕು ಕೆಟ್ಟರೆ ಕಾಂತತ್ವ ಇಳಿದುಹೋಗಿದೆ ಎಂದೇ ಬಹುಮಂದಿ ಊಹಿಸುತ್ತಾರೆ. ಊಹೆ ತಾರ್ಕಿಕವಾಗಿದೆ, ಆದರೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಅದಲ್ಲ. ಡಿಸ್ಕಿನ ಲೇಪವನ್ನು ಸುಲಭವಾಗಿ ದಿಕ್ಕು ಬದಲಿಸದ ವಸ್ತುವಿನಿಂದ ಮಾಡಿರುತ್ತಾರೆ. ಸಾಧಾರಣ ಉಷ್ಣತೆಯಲ್ಲಿ ಆ ಬರಹ ಬಹಳ ವರ್ಷ ನಿಲ್ಲುತ್ತದೆ. ಕಾಲಕ್ರಮದಲ್ಲಿ ಅದೂ ಮಾಸುತ್ತದೆ ಎಂಬುದು ನಿಜವಾದರೂ, ಅದಕ್ಕಿಂತ ಮೊದಲು ಸೋಲುವುದು ಬರಹವಲ್ಲ, ಓದುವ ಯಂತ್ರ.

ಯಂತ್ರವಾದರೂ ಎಂಥದ್ದು? ಮನೆಯ ಡಿಸ್ಕುಗಳ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5,400 ಅಥವಾ 7,200 ಸುತ್ತು ತಿರುಗುತ್ತದೆ. ತಿರುಗುವ ವೇಗಕ್ಕೆ ಎದ್ದ ಗಾಳಿಯ ಪದರದ ಮೇಲೆ ಓದುವ ಹೆಡ್ಡು ತೇಲುತ್ತದೆ. ತಟ್ಟೆಗೂ ಹೆಡ್ಡಿಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರು ಎಂದರೆ ಆ ಅಂತರ ಎಷ್ಟು ಸೂಕ್ಷ್ಮವೆಂದು ನೀವೇ ಲೆಕ್ಕ ಹಾಕಿ. ಇಷ್ಟು ನಾಜೂಕಾದ ಯಂತ್ರವನ್ನು ಹತ್ತು ವರ್ಷ ನಿಲ್ಲಿಸಿ, ಒಂದು ದಿನ ಇದ್ದಕ್ಕಿದ್ದಂತೆ "ಏಳು, ಓಡು" ಎಂದರೆ ಏನಾಗುತ್ತದೆ?

ಮೊದಲನೆಯದು ಎಣ್ಣೆಯ ಸಮಸ್ಯೆ. ತಟ್ಟೆಯನ್ನು ತಿರುಗಿಸುವ ಮೋಟಾರಿನ ಬೇರಿಂಗಿನಲ್ಲಿ ಹಳೆಯ ಡಿಸ್ಕುಗಳಲ್ಲಾದರೆ ಗುಂಡುಗಳೂ ಗ್ರೀಸೂ, ಈಚಿನವುಗಳಲ್ಲಾದರೆ ತೆಳುವಾದ ಎಣ್ಣೆಯ ಪೊರೆಯೂ ಇರುತ್ತದೆ. ಕಾಲ ಕಳೆದಂತೆ ಈ ಜಿಡ್ಡು ಗಟ್ಟಿಯಾಗುತ್ತದೆ, ಇಲ್ಲವೇ ಆವಿಯಾಗಿ ಅಥವಾ ಪಕ್ಕಕ್ಕೆ ಹರಿದು ಕಡಿಮೆಯಾಗುತ್ತದೆ. ವರ್ಷಗಟ್ಟಲೆ ನಿಲ್ಲಿಸಿದ ಹೊಲಿಗೆ ಯಂತ್ರದ ಚಕ್ರ ಬಿಗಿಯಾಗುವುದನ್ನು ನೋಡಿದ್ದೀರಲ್ಲವೇ? ಇದೂ ಹಾಗೆಯೇ.

ಎರಡನೆಯದು ಅಂಟಿಕೊಳ್ಳುವಿಕೆ. ಹಳೆಯ ಡಿಸ್ಕುಗಳಲ್ಲಿ ವಿದ್ಯುತ್ ನಿಂತಾಗ ಹೆಡ್ಡು ತಟ್ಟೆಯ ಒಳಅಂಚಿನ ಮೇಲೆಯೇ ಇಳಿದು ಮಲಗುತ್ತಿತ್ತು. ಎರಡು ಕನ್ನಡಿಗಳನ್ನು ಒದ್ದೆ ಮಾಡಿ ಒಂದರ ಮೇಲೊಂದಿಟ್ಟರೆ ಬಿಡಿಸಲು ಹೇಗೆ ಕಷ್ಟವೋ, ಹಾಗೆ ನುಣುಪಾದ ಹೆಡ್ಡು ನುಣುಪಾದ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಮೋಟಾರು ಬಲವಾಗಿ ಎಳೆದರೆ ಹೆಡ್ಡೇ ಕಿತ್ತುಬರಬಹುದು. ಈಚಿನ ಡಿಸ್ಕುಗಳಲ್ಲಿ ಹೆಡ್ಡನ್ನು ತಟ್ಟೆಯ ಹೊರಗೊಂದು ಇಳಿಜಾರಿನ ಮೇಲೆ ನಿಲ್ಲಿಸುವುದರಿಂದ ಈ ಅಪಾಯ ಬಹಳ ಕಡಿಮೆಯಾಗಿದೆ. ಆದರೆ ನಿಮ್ಮ ಮನೆಗಳ ಅಟ್ಟ, ಬೀರುಗಳಲ್ಲಿ ಇರುವವು ಹೆಚ್ಚಾಗಿ ಹಳೆಯ ಬಗೆಯವೇ. ಕೆಲವು ಹಳೆಯ ಡಿಸ್ಕುಗಳಲ್ಲಿ ಹೆಡ್ಡಿನ ತೋಳು ತಾಗಿ ನಿಲ್ಲಲೆಂದು ಇಟ್ಟ ರಬ್ಬರ್ ತುಣುಕು ಕಾಲಾಂತರದಲ್ಲಿ ಕರಗಿದಂತಾಗಿ, ಅಂಟಂಟಾಗಿ, ತೋಳನ್ನೇ ಹಿಡಿದುಕೊಂಡುಬಿಡುತ್ತದೆ.

ಮೂರನೆಯದು ಗಾಳಿ ಮತ್ತು ತೇವ. ಸಾಮಾನ್ಯ ಹಾರ್ಡ್ ಡಿಸ್ಕು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲ. ಒಳಹೊರಗಿನ ಒತ್ತಡ ಸಮನಾಗಲೆಂದು ಅದಕ್ಕೊಂದು ಸಣ್ಣ ಉಸಿರುರಂಧ್ರವಿದೆ. ಧೂಳನ್ನು ಆ ರಂಧ್ರದ ಶೋಧಕ ತಡೆಯುತ್ತದೆ. ತೇವವನ್ನು ಶಾಶ್ವತವಾಗಿ ತಡೆಯಲಾರದು. ನಮ್ಮ ಜಿಲ್ಲೆಯ ಹವೆಯನ್ನೇ ನೋಡಿ. ಅರಸೀಕೆರೆ ಬಯಲುಸೀಮೆ; ಬೇಸಿಗೆಯಲ್ಲಿ ತಾರಸಿಯ ಕೆಳಗಿನ ಅಟ್ಟ ಕಾದ ಬಾಣಲೆಯಂತಾಗುತ್ತದೆ. ಬೇಲೂರಿನತ್ತ ಹೋದರೆ ಮಲೆನಾಡಿನ ಸೆರಗು. ಆಷಾಢ ಶ್ರಾವಣಗಳಲ್ಲಿ ಉಪ್ಪಿನ ಭರಣಿಯೂ ಒದ್ದೆ. ಬಿಸಿ ಎಣ್ಣೆಯನ್ನು ಒಣಗಿಸುತ್ತದೆ, ತೇವ ಲೋಹದ ಸಂಪರ್ಕಬಿಂದುಗಳನ್ನು ಕಿಲುಬು ಹಿಡಿಸುತ್ತದೆ.

ನಾಲ್ಕನೆಯದು ವಿದ್ಯುನ್ಮಾನ ಭಾಗಗಳು. ಡಿಸ್ಕಿಗೆ ವಿದ್ಯುತ್ ಕೊಡುವ ಅಡಾಪ್ಟರಿನ ಕೆಪಾಸಿಟರುಗಳು ಒಣಗಿ ಸೋಲುತ್ತವೆ. ಇದೊಂದು ಸಮಾಧಾನದ ಸಂಗತಿ ಕೂಡ. ಎಷ್ಟೋ ವೇಳೆ ಸತ್ತಿತೆಂದುಕೊಂಡ ಡಿಸ್ಕು ಬೇರೆ ಅಡಾಪ್ಟರು ಹಾಕಿದೊಡನೆ ಏಳುತ್ತದೆ. ಐದನೆಯದು ವಿಚಿತ್ರವಾದದ್ದು. ತಾನು ಯಾರು, ತನ್ನೊಳಗೆ ಹೇಗೆ ಓದಬೇಕು ಎಂಬ ವಿವರದ ಬಹುಪಾಲನ್ನು ಡಿಸ್ಕು ತನ್ನ ತಟ್ಟೆಯ ಒಂದು ಗುಪ್ತ ಭಾಗದಲ್ಲೇ ಬರೆದಿಟ್ಟುಕೊಂಡಿರುತ್ತದೆ. ಆ ಭಾಗ ಓದಲು ಬಾರದಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಡಿಸ್ಕಿಗೆ ತನ್ನ ಗುರುತೇ ಸಿಗದು. ಆ ಟಿಕ್ ಟಿಕ್ ಸದ್ದು ಬಹುಮಟ್ಟಿಗೆ ಹೆಡ್ಡು ದಾರಿ ಸಿಗದೆ ಹಿಂದಕ್ಕೂ ಮುಂದಕ್ಕೂ ತಡಕಾಡುವ ಸದ್ದು.

ಅರಸೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಶಿಷ್ಯನೊಬ್ಬ ಇದನ್ನೆಲ್ಲ ಎರಡೇ ಮಾತಿನಲ್ಲಿ ಹೇಳಿದ. "ದಿನಾ ಓಡೋ ಡಿಸ್ಕು ಕೆಡೋ ಮುಂಚೆ ಎಷ್ಟೋ ಸಲ ಏನಾದರೂ ಸೂಚನೆ ಕೊಡತ್ತೆ ಸಾರ್. ಮಲಗಿರೋದು ಕೆಟ್ಟಿದೆ ಅಂತ ಎಬ್ಬಿಸಿದಾಗಲೇ ಗೊತ್ತಾಗೋದು." ನನ್ನ ಐದು ಕಾರಣಗಳಿಗಿಂತ ಅವನ ಎರಡು ವಾಕ್ಯ ಮೇಲು ಎಂದು ಒಪ್ಪಿಕೊಳ್ಳುತ್ತೇನೆ.

ಇದು ನಮ್ಮ ಹಳ್ಳಿಗಾಡಿನ ಬಡ ಡಿಸ್ಕುಗಳ ಹಣೆಬರಹವೆಂದು ಭಾವಿಸಬೇಡಿ. ದೊಡ್ಡ ದೊಡ್ಡ ಸಂಸ್ಥೆಗಳ ದಾಖಲೆಗಳನ್ನು ಕಾಪಾಡುವುದೇ ಉದ್ಯೋಗವಾಗಿರುವ ಅಮೆರಿಕದ ಐರನ್ ಮೌಂಟನ್ ಸಂಸ್ಥೆ 2024ರಲ್ಲಿ ಒಂದು ವಿಷಯವನ್ನು ಬಹಿರಂಗಪಡಿಸಿತು. ಸಂಗೀತ ಕಂಪನಿಗಳು 1990ರ ದಶಕದಲ್ಲಿ ಹಾಡುಗಳ ಮೂಲಪ್ರತಿಗಳನ್ನು ತುಂಬಿಸಿಟ್ಟಿದ್ದ ಹಾರ್ಡ್ ಡಿಸ್ಕುಗಳಲ್ಲಿ ತಮ್ಮ ಬಳಿಗೆ ಬಂದವುಗಳ ಪೈಕಿ ಸುಮಾರು ಐದರಲ್ಲೊಂದು ಓದಲು ಬಾರದ ಸ್ಥಿತಿಯಲ್ಲಿವೆ ಎಂದು! ತಂಪಾದ, ಒಣಗಿದ, ಬೀಗ ಹಾಕಿದ ಕೋಣೆಗಳಲ್ಲಿದ್ದ ಡಿಸ್ಕುಗಳ ಕಥೆಯೇ ಹೀಗಾದರೆ ಅಟ್ಟದ ಮೇಲಿನವುಗಳ ಪಾಡೇನು?

ಡಿಸ್ಕು ತಿರುಗಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಎರಡು ಬಾಗಿಲು ದಾಟಬೇಕು. 2005ಕ್ಕೆ ಹಿಂದಿನ ಬಹುತೇಕ ಡಿಸ್ಕುಗಳಿಗೆ ಐಡಿಇ ಎಂಬ ಅಗಲವಾದ ಪಟ್ಟಿಯ ಕೇಬಲ್ಲು ಬೇಕು. ಇಂದಿನ ಕಂಪ್ಯೂಟರುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಪರಿವರ್ತಕ ಕೊಂಡು ಅದನ್ನೂ ದಾಟಿದಿರಿ. ಆಮೇಲೆ ಎದುರಾಗುವುದು ಲಿಪಿ. ಆ ಕಾಲದಲ್ಲಿ ನಾವು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕನ್ನಡ ಬೆರಳಚ್ಚು ಮಾಡುತ್ತಿದ್ದೆವು. ಶಾಲೆಯ ಸುವರ್ಣ ಮಹೋತ್ಸವದ ಸ್ಮರಣಸಂಚಿಕೆಗಳು, ಊರಹಬ್ಬದ ಆಹ್ವಾನಪತ್ರಿಕೆಗಳು, ಎಂ.ಫಿಲ್. ಪ್ರಬಂಧಗಳು ಎಲ್ಲವೂ ಪೇಜ್‌ಮೇಕರಿನಲ್ಲಿ ಸಿದ್ಧವಾಗುತ್ತಿದ್ದವು. ಇಂದು ಆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಾಪಿಲ್ಲಿಯಾಗಿ ಕಾಣಿಸುತ್ತವೆ. ಬರಹ ಅಳಿದಿಲ್ಲ; ಓದುವ ಕೀಲಿಕೈ ಕಳೆದಿದೆ. ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳು ಇಂದು ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಆದರೆ ಮಾಡುವವರು ಬೇಕು, ಅದೂ ತಡವಾಗುವ ಮುನ್ನ.

ಇಂಗ್ಲೆಂಡಿನ ಒಂದು ಪ್ರಸಂಗ ಇಲ್ಲಿ ಪಾಠದಂತಿದೆ. ಕ್ರಿ.ಶ. 1086ರಲ್ಲಿ ಅಲ್ಲಿನ ಅರಸ ಮಾಡಿಸಿದ ಡೂಮ್ಸ್‌ಡೇ ಎಂಬ ಭೂದಾಖಲೆ ಚರ್ಮದ ಹಾಳೆಗಳ ಮೇಲಿದ್ದು ಇಂದಿಗೂ ಓದಲು ಬರುತ್ತದೆ. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿಯವರು ದೇಶದ ಶಾಲಾಮಕ್ಕಳಿಂದ ತಮ್ಮ ತಮ್ಮ ಊರಿನ ವಿವರ ಬರೆಸಿ, ಚಿತ್ರ ತೆಗೆಸಿ, ಲೇಸರ್ ತಟ್ಟೆಗಳಲ್ಲಿ ತುಂಬಿಸಿದರು. ಹದಿನೈದೇ ವರ್ಷಗಳಲ್ಲಿ ಆ ತಟ್ಟೆ ಓದುವ ಯಂತ್ರಗಳೇ ಅಪರೂಪವಾಗಿ, ಅದನ್ನು ಮರಳಿ ಪಡೆಯಲು ವಿದ್ವಾಂಸರು ಪ್ರತ್ಯೇಕ ಯೋಜನೆಯನ್ನೇ ಹಾಕಿಕೊಳ್ಳಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಹಾಳೆ ಗೆದ್ದಿತು, ಹದಿನೈದು ವರ್ಷದ ತಟ್ಟೆ ಸೋತಿತು.

ಇಷ್ಟು ಹೇಳಿದರೆ ನಮ್ಮ ಜಿಲ್ಲೆಯವರು ಕೂಡಲೇ ಹೇಳುವ ಮಾತೊಂದಿದೆ. "ಅದಕ್ಕೇ ಸಾರ್, ನಮ್ಮ ಹಿರಿಯರು ಕಲ್ಲಿನ ಮೇಲೆ ಬರೆದರು! ಬೇಲೂರು ಹಳೇಬೀಡು ನೋಡಿ, ಒಂಬೈನೂರು ವರ್ಷವಾದರೂ ಹಾಗೇ ನಿಂತಿವೆ." ಕೇಳಲು ಹಿತವಾದ ಮಾತು. ಆದರೆ ನಾನು ಇದನ್ನು ಒಪ್ಪುವುದಿಲ್ಲ. ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ಅದು ತಾನಾಗಿಯೇ ನಿಂತಿಲ್ಲ. ನಾಶವಾಗಿದ್ದ ಅದರ ಮಹಾದ್ವಾರದ ಗೋಪುರವನ್ನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದನು. ಗರ್ಭಗುಡಿಯ ಮೇಲೆ ಹಿಂದೆ ಇದ್ದ ಶಿಖರ ಇಂದು ಇಲ್ಲವೇ ಇಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರುವವರೆಗೆ ಅವು ಬದುಕಿ ಬಂದಿದ್ದರೆ, ಅದಕ್ಕೆ ಬಳಪದ ಕಲ್ಲಿನ ಗಟ್ಟಿತನವಷ್ಟೇ ಕಾರಣವಲ್ಲ, ಒಂದೊಂದು ತಲೆಮಾರಿನಲ್ಲೂ ಯಾರೋ ಕೈ ಹಾಕಿದ್ದು ಕಾರಣ.

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಅಂದರೆ ಒಡೆದದ್ದು, ಬಿರುಕುಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸುವುದು. ದೇವರ ಅಂಗಭೋಗಕ್ಕೆ, ನೈವೇದ್ಯಕ್ಕೆ, ಋಷಿಗಳ ಆಹಾರದಾನಕ್ಕೆ ಭೂಮಿ ಬಿಡುವಾಗ ಈ ಕೆಲಸಕ್ಕೂ ಸೇರಿಸಿಯೇ ಬಿಡುತ್ತಿದ್ದರು. ಯೋಚಿಸಿ ನೋಡಿ! ಗುಡಿ ಇನ್ನೂ ಹೊಸದು, ಉಳಿಯ ಗುರುತು ಆರಿಲ್ಲ. ಆಗಲೇ ಅದು ಒಡೆಯುತ್ತದೆ, ಬಿರುಕು ಬಿಡುತ್ತದೆ ಎಂದು ಲೆಕ್ಕ ಹಾಕಿ ರಿಪೇರಿಯ ಖರ್ಚಿಗೆ ಗದ್ದೆ ಬರೆದುಕೊಟ್ಟ ಜನ ಅವರು. ಕಲ್ಲಿನಲ್ಲಿ ಕಟ್ಟಿದವರು ಕಲ್ಲನ್ನು ನಂಬಲಿಲ್ಲ. ನಾವಾದರೋ ನ್ಯಾನೋಮೀಟರಿನ ಅಂತರದಲ್ಲಿ ತೇಲುವ ಹೆಡ್ಡನ್ನು ನಂಬಿ ಬೀರುವಿಗೆ ಬೀಗ ಹಾಕುತ್ತೇವೆ.

ಕೆರೆಯ ವಿಷಯವೂ ಹೀಗೆಯೇ. ನಮ್ಮ ಊರಿಗೆ ಹೆಸರು ಕೊಟ್ಟದ್ದೇ ಅರಸಿಯ ಕೆರೆ. ಕೆರೆ ಕಟ್ಟಿಸಿದ ಪುಣ್ಯದಷ್ಟೇ ಅದರ ಹೂಳೆತ್ತಿಸುವ, ಏರಿ ಬಲಪಡಿಸುವ ಹೊಣೆಯೂ ದೊಡ್ಡದೆಂದು ಹಿಂದಿನವರು ತಿಳಿದಿದ್ದರು. ಅದಕ್ಕೆಂದೇ ಬಿತ್ತುವಟ್ಟ, ಕೆರೆಗೊಡಗೆ ಎಂದು ಭೂಮಿ ಬಿಟ್ಟಿದ್ದರು. ಹೂಳೆತ್ತದ ಕೆರೆ ಕೆಲವು ತಲೆಮಾರಿನಲ್ಲಿ ಬಯಲಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇನ್ನು ಬರಹದ ಮಾತು. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ, ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ಎಣಿಸಲ್ಪಟ್ಟ ಕಲ್ಲು ಊರ ಜನರ ಕಣ್ಣೆದುರೇ ಇತ್ತು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಗುರುತಿಸಿ, ಓದಿ, ಪ್ರಕಟಿಸಿದ ಮೇಲೆಯೇ ಅದು ಕನ್ನಡದ ಆಸ್ತಿಯಾದದ್ದು. ಅದಕ್ಕೂ ಮುನ್ನ ಬಿ.ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಊರೂರಿನ ಶಾಸನಗಳ ಪ್ರತಿ ತೆಗೆಸಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿಯೋ ಹೊಸ್ತಿಲಾಗಿಯೋ ಸವೆದರೂ ಅದರ ಮಾತು ಆ ಪುಸ್ತಕದಲ್ಲಿ ಉಳಿಯುತ್ತದೆ.

ಹಳೇಬೀಡು ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನ 1209ರಲ್ಲಿ ಯಶೋಧರ ಚರಿತೆಯನ್ನು ಬರೆದನು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಆ ಪಟ್ಟಣದ ಮೇಲೆ ಬಿದ್ದಿತು. ಜನ್ನ ತನ್ನ ಕೈಯಾರೆ ಬರೆದ ಓಲೆಗರಿ ನಮಗೆ ಬಂದಿಲ್ಲ. ಆದರೆ ಕಾವ್ಯ ಬಂದಿದೆ. ಹೇಗೆ? ಪ್ರತಿಯ ಪ್ರತಿ, ಅದರ ಪ್ರತಿ ಎಂದು ಬೇರೆ ಬೇರೆ ಊರುಗಳಲ್ಲಿ ಲಿಪಿಕಾರರು ಬರೆದಿಟ್ಟದ್ದರಿಂದ. ಹತ್ತನೆಯ ಶತಮಾನದ ಕೊನೆಯ ವೇಳೆಗೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಪಾಠಪುಸ್ತಕದಲ್ಲಿ ಓದಿದ್ದೇವೆ. ಅದನ್ನು ಬರಿಯ ಔದಾರ್ಯದ ಕಥೆಯಾಗಿ ಓದಿದೆವು. ಗ್ರಂಥವನ್ನು ಉಳಿಸುವ ವಿಜ್ಞಾನವನ್ನು ಆಕೆ ಎಂದೋ ಅರಿತಿದ್ದಳು ಎಂದು ಓದಬೇಕಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಅಮೂಲ್ಯ ಓಲೆಗ್ರಂಥಗಳಿದ್ದವು. ಭಕ್ತಿಯಿಂದ ಅವನ್ನು ನೂರಾರು ವರ್ಷ ಕಾಪಾಡಿದರು. ಆದರೆ ಅವು ದರ್ಶನಕ್ಕೆ ಮಾತ್ರ, ಓದಲು ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ಆರಂಭವಾಗುವ ವೇಳೆಗೆ ಕೆಲವು ಗರಿಗಳು ಹಾಳಾಗಿಹೋಗಿದ್ದವು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗತೊಡಗಿದ ಮೇಲೆ ವಿದ್ವತ್ ಲೋಕಕ್ಕೆ ಅದು ದಕ್ಕಿತು. ಅಲ್ಲಿ ಕೊರತೆಯಿದ್ದದ್ದು ಪೂಜ್ಯಭಾವಕ್ಕಲ್ಲ, ಪ್ರತಿಗೆ. ರೇಷ್ಮೆ ವಸ್ತ್ರದಲ್ಲಿ ಸುತ್ತಿಟ್ಟ ಹಾರ್ಡ್ ಡಿಸ್ಕಿನ ಕೊರತೆಯೂ ಅದೇ.

"ಈಗ ಹಾರ್ಡ್ ಡಿಸ್ಕು ಯಾರು ಬಳಸುತ್ತಾರೆ? ಎಸ್‌ಎಸ್‌ಡಿ ಬಂದಿದೆ, ಪೆನ್‌ಡ್ರೈವ್ ಇದೆ, ಕ್ಲೌಡ್ ಇದೆ" ಎಂದು ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. ನ್ಯಾಯವಾದ ಆಕ್ಷೇಪಣೆ. ಎಸ್‌ಎಸ್‌ಡಿಯಲ್ಲೂ ಪೆನ್‌ಡ್ರೈವಿನಲ್ಲೂ ತಿರುಗುವ ತಟ್ಟೆಯಿಲ್ಲ, ಅಂಟುವ ಹೆಡ್ಡಿಲ್ಲ, ನಿಜ. ಆದರೆ ಅಲ್ಲಿ ಬರಹವೆಂದರೆ ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶ. ವಿದ್ಯುತ್ ಸಂಪರ್ಕವಿಲ್ಲದೆ ಇಟ್ಟರೆ ಅದು ನಿಧಾನವಾಗಿ ಸೋರುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ತಯಾರಕರು ಅನುಸರಿಸುವ ಜೆಡೆಕ್ ಮಾನದಂಡವು, ಬರೆಯುವ ಆಯಸ್ಸು ಪೂರ್ತಿ ತೀರಿದ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯಿಂದ ನಿರೀಕ್ಷಿಸುವುದು 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷದ ಬಾಳಿಕೆಯನ್ನು ಮಾತ್ರ. ಹೊಸದಾದರೆ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಆದರೂ ಬೀರುವಿನಲ್ಲಿ ಬಚ್ಚಿಡುವುದಕ್ಕೆ ಅದು ಹಾರ್ಡ್ ಡಿಸ್ಕಿಗಿಂತ ಮೇಲಲ್ಲ.

ಕ್ಲೌಡ್ ಎಂದರೆ ಬೇರೆ ಯಾರದೋ ಡಿಸ್ಕು. ಅವರು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಪ್ರತಿಗಳನ್ನೂ ಇಡುತ್ತಾರೆ. ಅದನ್ನು ಬಳಸಬೇಕೆಂದೇ ನಾನೂ ಹೇಳುತ್ತೇನೆ. ಆದರೆ ಅಂಗಡಿ ಅವರದು, ಬಾಗಿಲು ಹಾಕುವ ದಿನವೂ ಅವರದೇ. ನಿಮ್ಮಲ್ಲಿ ಎಷ್ಟೋ ಜನ ಕಾಲೇಜಿನ ದಿನಗಳ ಚಿತ್ರಗಳನ್ನು ಆರ್ಕುಟ್‌ನಲ್ಲಿ ಹಾಕಿ ಸಂಭ್ರಮಿಸುತ್ತಿದ್ದಿರಿ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಿಹಾಕಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಅವರ ಖಾತೆಯನ್ನು ಬಳಸುವವರಾರು? ಅಲ್ಲಿಯೂ "ಇಟ್ಟು ಮರೆಯುವುದು" ನಡೆಯುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಸಲಹೆ ಸರಳವಾಗಿದೆ. ಮಹಾನವಮಿಯ ಆಯುಧಪೂಜೆಯಂದು ನಾವು ಬೈಕು ಕಾರುಗಳ ಜೊತೆಗೆ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಹೂ ಇಡುತ್ತೇವೆ. ಅಂದು ಹೂವಿನ ಜೊತೆಗೆ ಇನ್ನೊಂದು ಕೆಲಸವೂ ಆಗಲಿ. ಮನೆಯ ಡಿಸ್ಕುಗಳನ್ನೆಲ್ಲ ಹೊರತೆಗೆದು, ಒಂದೊಂದನ್ನೂ ಜೋಡಿಸಿ, ಒಳಗಿರುವುದನ್ನು ಪೂರ್ತಿ ಓದಿಸಿ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ. ಪ್ರತಿಯಾದ ಮೇಲೆ, ಅಂಕಪಟ್ಟಿಯ ಮೊತ್ತವನ್ನು ತಾಳೆ ನೋಡುವಂತೆ, ಕಡತಗಳ ಸಂಖ್ಯೆ ಮತ್ತು ಗಾತ್ರ ಹೊಂದುತ್ತವೆಯೇ ಎಂದು ನೋಡಿ. ಬೆಲೆಯುಳ್ಳದ್ದು ಮೂರು ಕಡೆ ಇರಲಿ. ಅದರಲ್ಲಿ ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಐದು ವರ್ಷವಾದ ಡಿಸ್ಕು ಇನ್ನೂ ಓಡುತ್ತಿದ್ದರೂ ಹೊಸದಕ್ಕೆ ವರ್ಗಾಯಿಸಿ. ಇಡುವ ಜಾಗ ಅಟ್ಟವಲ್ಲ, ಮನೆಯ ತಂಪಾದ ಒಳಕೋಣೆ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇರಲಿ. ನುಡಿ, ಶ್ರೀಲಿಪಿ ಕಡತಗಳನ್ನು ಯೂನಿಕೋಡಿಗೆ ತಂದುಕೊಳ್ಳಿ. ಅತಿ ಮುಖ್ಯವಾದ ಇಪ್ಪತ್ತು ಮೂವತ್ತು ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂದೆ ಯಾರು ಯಾರೆಂದು ಬರೆದಿಡಿ. ಹೆಸರಿಲ್ಲದ ಮುಖ ಮೂರನೆಯ ತಲೆಮಾರಿಗೆ ಅಪರಿಚಿತ.

ಹಳೆಯ ಡಿಸ್ಕನ್ನು ಎಬ್ಬಿಸುವಾಗ ಎಚ್ಚರವಿರಲಿ. ಟಿಕ್ ಟಿಕ್ ಅಥವಾ ಕೆರೆಯುವ ಸದ್ದು ಬಂದರೆ ತಕ್ಷಣ ವಿದ್ಯುತ್ ತೆಗೆಯಿರಿ. ಮತ್ತೆ ಮತ್ತೆ ಪ್ರಯತ್ನಿಸಿದಷ್ಟೂ ತಟ್ಟೆಗೆ ಗೀರು ಬೀಳುವ ಸಂಭವ ಹೆಚ್ಚು. ಮುಚ್ಚಳ ಬಿಚ್ಚಬೇಡಿ, ಒಂದು ಧೂಳಿನ ಕಣ ಸಾಕು ಕೆಡಿಸಲು. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದನ್ನು ನಂಬಬೇಡಿ. ಹೊರತೆಗೆದಾಗ ಒಳಗೆಲ್ಲ ಇಬ್ಬನಿ ಕೂರುತ್ತದೆ. ಒಳಗಿರುವುದು ನಿಜವಾಗಿ ಬೆಲೆಬಾಳುವುದಾದರೆ ಧೂಳುರಹಿತ ಕೋಣೆಯಿರುವ ತಜ್ಞರ ಬಳಿಗೆ ಒಯ್ಯಿರಿ. ಖರ್ಚು ದುಬಾರಿ, ಫಲ ನಿಶ್ಚಿತವಲ್ಲ. ಪ್ರತಿ ಮಾಡುವುದು ಎಷ್ಟು ಅಗ್ಗವೆಂದು ಆಗ ತಿಳಿಯುತ್ತದೆ.

ಕೊನೆಯದಾಗಿ, ಶಾಲೆ, ಗ್ರಂಥಾಲಯ, ಸಂಘಸಂಸ್ಥೆಗಳ ಜವಾಬ್ದಾರಿ ಸ್ಥಾನದಲ್ಲಿರುವ ನನ್ನ ಶಿಷ್ಯರಿಗೊಂದು ಮಾತು. ಡಿಜಿಟಲೀಕರಣವೆಂದರೆ ಇಂದು ಎಲ್ಲರಿಗೂ ಉತ್ಸಾಹ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿರುವಂಥ ಕೆಲಸ ನಮ್ಮ ತಾಲೂಕುಗಳಲ್ಲೂ ಆಗಬೇಕು. ಆದರೆ ಯಾವುದೇ ಯೋಜನೆಯಲ್ಲಿ ಸ್ಕ್ಯಾನ್ ಮಾಡುವ ಖರ್ಚಿನ ಪಕ್ಕದಲ್ಲೇ, ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸುವ, ಪ್ರತಿವರ್ಷ ಪರೀಕ್ಷಿಸುವ ಖರ್ಚನ್ನೂ, ಅದನ್ನು ಮಾಡುವ ವ್ಯಕ್ತಿಯ ಹುದ್ದೆಯನ್ನೂ ಮೊದಲ ದಿನವೇ ಬರೆದಿಡಿ. ಹೊಯ್ಸಳರ ದಾನಪತ್ರದಲ್ಲಿದ್ದ ಆ ಒಂದು ಸಾಲು ಇಲ್ಲದಿದ್ದರೆ ಲಕ್ಷಾಂತರ ರೂಪಾಯಿಯ ಯೋಜನೆ ಹತ್ತು ವರ್ಷದಲ್ಲಿ ಒಂದು ಪೆಟ್ಟಿಗೆ ಮೂಕ ಲೋಹವಾಗುತ್ತದೆ.

ಅಜ್ಜಿಯ ಪದಗಳ ಒಂದೇ ಒಂದು ಪ್ರತಿ ಬೇರೆ ಯಾರ ಬಳಿಯಾದರೂ ಇದ್ದಿದ್ದರೆ ಆ ಮದುವೆಮನೆಯಲ್ಲಿ ಅವು ಕೇಳಿಸುತ್ತಿದ್ದವು. ನಿಮ್ಮ ಮನೆಯಲ್ಲಿಯೂ ಅಂಥ ದನಿ, ಅಂಥ ಚಿತ್ರ ಇದ್ದೇ ಇರುತ್ತದೆ. ನವರಾತ್ರಿ ಬರುವವರೆಗೂ ಕಾಯಬೇಡಿ. ಬರುವ ಭಾನುವಾರ ಬೀರು ತೆರೆಯಿರಿ, ಪ್ರತಿ ಮಾಡಿ, ಒಡಹುಟ್ಟಿದವರಿಗೆ ಒಂದೊಂದು ಕಳುಹಿಸಿ. ಏನು ಸಿಕ್ಕಿತು, ಏನು ಏಳಲಿಲ್ಲ ಎಂಬುದನ್ನು ನನಗೂ ಬರೆದು ತಿಳಿಸಿ, ಓದಲು ಕಾದಿರುತ್ತೇನೆ.